ಗ್ರಂಥಾಲಯ ಪ್ರೇಮಿಗಳ ಮಿನಿಬಸ್ಸು

ಗ್ರಂಥಾಲಯಕ್ಕೆ ಹೋಗುವವರು ಬೇರೆ, ಗ್ರಂಥಾಲಯದ ಅಭಿಮಾನಿಗಳು ಬೇರೆ. ಹೋಗುವವರಿಗೆ ಕೂರಲು ಒಂದು ಕುರ್ಚಿ, ತಲೆಯ ಮೇಲೆ ತಿರುಗುವ ಒಂದು ಫ್ಯಾನು, ಪದಬಂಧವನ್ನು ಆಗಲೇ ಯಾರೂ ತುಂಬಿಸಿರದ ಒಂದು ಪತ್ರಿಕೆ ಸಿಕ್ಕರೆ ಸಾಕು. ಅಭಿಮಾನಿಗಳ ಬೇಡಿಕೆ ಅಷ್ಟು ಸರಳವಲ್ಲ. ಅವರಿಗೊಂದು ಬಳಗ ಬೇಕು, ಬಳಗಕ್ಕೊಂದು ಬ್ಯಾನರು ಬೇಕು, ಬ್ಯಾನರು ಕಟ್ಟಲು ಮಿನಿಬಸ್ಸು ಬೇಕು, ಬಸ್ಸು ನಿಲ್ಲಲು ಒಳ್ಳೆಯ ಹೋಟೆಲು ಬೇಕು.

ಬೆಂಗಳೂರಿನ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೂ ಇಂಥದ್ದೊಂದು ಬಳಗವಿದೆ. ಗಣೇಶೋತ್ಸವ ಸಮಿತಿ, ನಗೆಕೂಟ, ವಾಯುವಿಹಾರಿಗಳ ಸಂಘ ಎಲ್ಲವೂ ಇರುವ ಕಡೆ ಗ್ರಂಥಾಲಯವೊಂದೇ ಯಾಕೆ ಅನಾಥವಾಗಿರಬೇಕು ಎಂದು ಹಿರಿಯರಿಗೆ ಅನ್ನಿಸಿದ್ದು ಸಹಜವೇ. ಆದರೆ ಬೀಜ ಬಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಈಗಿನ ಅಧ್ಯಕ್ಷರು ಆರು ತಿಂಗಳು ಮಗನ ಮನೆಯಲ್ಲಿದ್ದರು. ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ, ಅಲ್ಲಿ ಕಾರು ಓಡಿಸಲಾಗದ ನಮ್ಮ ಅಪ್ಪ ಅಮ್ಮಂದಿರು ನಡೆದೇ ಹೋಗಬಹುದಾದ, ದುಡ್ಡು ಕೇಳದ, ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸದ ಜಾಗವೆಂದರೆ ಊರ ಲೈಬ್ರರಿ. ಅಲ್ಲಿ ಅವರು ‘ಫ್ರೆಂಡ್ಸ್ ಆಫ್ ದಿ ಲೈಬ್ರರಿ’ ಎಂಬವರನ್ನು ನೋಡಿದರು. ನಿವೃತ್ತರೆಲ್ಲ ಸೇರಿ, ಜನ ದಾನ ಕೊಟ್ಟ ಹಳೆಯ ಪುಸ್ತಕಗಳನ್ನು ವಿಂಗಡಿಸಿ, ಧೂಳು ಒರೆಸಿ, ಒಂದೆರಡು ಡಾಲರಿಗೆ ಮಾರಿ, ಬಂದ ಹಣವನ್ನು ಗ್ರಂಥಾಲಯಕ್ಕೇ ಒಪ್ಪಿಸುತ್ತಾರೆ. ಮಕ್ಕಳಿಗೆ ಕಥೆ ಹೇಳಿಸುವುದರಿಂದ ಹಿಡಿದು ಬೇಸಿಗೆ ರಜೆಯ ಓದಿನ ಶಿಬಿರದವರೆಗೆ ಆ ಹಣ ಬಳಕೆಯಾಗುತ್ತದೆ. ಅಧ್ಯಕ್ಷರು ಇದನ್ನೆಲ್ಲ ಕಣ್ಣಾರೆ ಕಂಡು, ಮನಸಾರೆ ಮೆಚ್ಚಿ, ದೇವನಹಳ್ಳಿಯಲ್ಲಿ ವಿಮಾನ ಇಳಿಯುವಾಗ ಹೆಸರೊಂದನ್ನು ಕೈಚೀಲದಲ್ಲಿಟ್ಟುಕೊಂಡು ಬಂದರು. ವಿಂಗಡಿಸುವ, ಧೂಳು ಒರೆಸುವ ಭಾಗ ಲಗೇಜಿನ ಮಿತಿ ಮೀರಿದ್ದರಿಂದ ಅಲ್ಲೇ ಉಳಿಯಿತು.

ಬಳಗದ ಬೈಲಾದಲ್ಲಿ ಅಧ್ಯಕ್ಷರಿದ್ದಾರೆ, ಇಬ್ಬರು ಉಪಾಧ್ಯಕ್ಷರಿದ್ದಾರೆ (ಒಬ್ಬರನ್ನೇ ಮಾಡಿದ್ದರೆ ಇನ್ನೊಬ್ಬರು ಮಾತು ಬಿಡುತ್ತಿದ್ದರು), ಕಾರ್ಯದರ್ಶಿ, ಖಜಾಂಚಿ, ಪ್ರವಾಸ ಸಂಚಾಲಕರು, ಉಪಾಹಾರ ಸಂಚಾಲಕರು ಇದ್ದಾರೆ. ಪುಸ್ತಕದ ಹೆಸರಿನಲ್ಲಿ ಒಂದು ಹುದ್ದೆಯೂ ಇಲ್ಲ. ‘ಅದಕ್ಕೆ ಲೈಬ್ರೇರಿಯನ್ ಮೇಡಂ ಇದ್ದಾರಲ್ಲ’ ಎನ್ನುತ್ತಾರೆ ಕಾರ್ಯದರ್ಶಿ. ಎಷ್ಟು ಜನರ ಬಳಿ ಗ್ರಂಥಾಲಯದ ಸದಸ್ಯತ್ವದ ಕಾರ್ಡಿದೆ ಎಂಬ ಪ್ರಶ್ನೆ ಒಮ್ಮೆ ಸಭೆಯಲ್ಲಿ ಎದ್ದಿತ್ತು. ಅಂಥ ವೈಯಕ್ತಿಕ ವಿಚಾರಗಳನ್ನು ಸಾರ್ವಜನಿಕವಾಗಿ ಕೇಳಬಾರದೆಂದು ತೀರ್ಮಾನವಾಯಿತು. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಓದಿನ ಮಹಿಮೆ ಬೆಳಗಿನ ಐದೂವರೆಗೇ ಶುರು. ಅಬ್ದುಲ್ ಕಲಾಂ ಎಂದೂ ಹೇಳಿರದ ಮಾತುಗಳು ಕಲಾಂ ಅವರ ಚಿತ್ರದ ಕೆಳಗೆ, ಗುಲಾಬಿ ಹೂವಿನ ಸಮೇತ ಬರುತ್ತವೆ.

ಮೊದಲ ಪ್ರವಾಸ ಎಲ್ಲಿಗೆ ಎಂಬ ಚರ್ಚೆಯಲ್ಲಿ ಪಾಪದವರೊಬ್ಬರು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯವನ್ನು ಸೂಚಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ 1915ರಲ್ಲಿ ಎದ್ದುನಿಂತ ಕೆಂಪು ಕಟ್ಟಡ, ಎತ್ತರದ ಕಂಬಗಳು, ಸುತ್ತ ಮರಗಳು, ಪಕ್ಕದಲ್ಲೇ ಮೆಟ್ರೋ.

‘ಅದು ಊರೊಳಗೇ ಇದೆಯಲ್ಲ ಸ್ವಾಮಿ, ಯಾವಾಗ ಬೇಕಾದ್ರೂ ಹೋಗಬಹುದು.’

‘ನೀವು ಯಾವಾಗ ಹೋಗಿದ್ರಿ ಸಾರ್?’

‘ಎಪ್ಪತ್ತೆಂಟರಲ್ಲಿ.’

ಹಾಗಾಗಿ ಹರಳಹಳ್ಳಿ ನಿಶ್ಚಯವಾಯಿತು. ಪಾಂಡವಪುರದ ಹತ್ತಿರದ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ ಇದೆ. ಬಸ್ ಕಂಡಕ್ಟರಾಗಿ ದುಡಿದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಸಂಬಳದ ಬಹುಭಾಗವನ್ನು ಪುಸ್ತಕಕ್ಕೇ ಸುರಿದು, ಸಾಲದೆ ಮೈಸೂರಿನ ಆಸ್ತಿಯನ್ನೂ ಮಾರಿ ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿದ ಮನುಷ್ಯ. ಇಂಥ ತ್ಯಾಗವನ್ನು ನೋಡುವುದು ನಮ್ಮ ಕರ್ತವ್ಯ ಎಂದರು ಅಧ್ಯಕ್ಷರು. ಅಲ್ಲಿಂದ ಮೇಲುಕೋಟೆ ಹತ್ತಿರ ಎಂದರು ಉಪಾಹಾರ ಸಂಚಾಲಕರು. ಈ ಎರಡನೆಯ ಮಾತಿಗೆ ಚಪ್ಪಾಳೆ ಬಿತ್ತು.

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೈಸೂರು ರಸ್ತೆಯಲ್ಲಿ ಪ್ರವಾಸ ಹೊರಡುವ ಸಾಹಿತ್ಯಾಸಕ್ತರಿಗೆ ದೊಡ್ಡ ಧರ್ಮಸಂಕಟ. 2023ರಿಂದ ಆ ದಾರಿ ಬಿಡದಿಯನ್ನೂ ಮದ್ದೂರನ್ನೂ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಪುಸ್ತಕ ಮನೆಗೆ ಬೇಗ ತಲುಪಬೇಕೆಂದರೆ ತಟ್ಟೆ ಇಡ್ಲಿ ಇಲ್ಲ, ಮದ್ದೂರು ವಡೆಯೂ ಇಲ್ಲ. ಎರಡೂ ಬೇಕೆಂದರೆ ಹಳೇ ದಾರಿ ಹಿಡಿಯಬೇಕು, ಪುಸ್ತಕ ಕಾಯಬೇಕು. ಪ್ರಶ್ನೆಯನ್ನು ಬಸ್ಸಿನಲ್ಲೇ ಮತಕ್ಕೆ ಹಾಕಲಾಯಿತು. ಪುಸ್ತಕದ ಪರ ಎರಡು ಮತ ಬಿದ್ದವು. ಅದರಲ್ಲಿ ಒಂದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಮನೆಯಲ್ಲೇ ತಿಂಡಿ ಮುಗಿಸಿ ಬಂದವರದ್ದು.

ಈ ಗದ್ದಲ ನಡೆಯುತ್ತಿದ್ದಾಗ ಬಸ್ಸು ಎಂಟನೇ ಮೈಲಿಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಗೇಟನ್ನು ದಾಟಿತು. ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ನಾವು ವರ್ಷಕ್ಕೊಮ್ಮೆ ಹಾರ ಹಾಕುವ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇರುವುದು ಆ ಗೇಟಿನ ಒಳಗೆ. ಗ್ರಂಥಾಲಯದ ಅಭಿಮಾನಿಗಳಿಗೆ ಕಾಶಿಯಂಥ ಜಾಗ. ಒಂದು ತಲೆಯೂ ಆ ಕಡೆ ತಿರುಗಲಿಲ್ಲ. ಆ ಹೊತ್ತಿಗೆ ಕೋಡುಬಳೆಯ ಡಬ್ಬಿ ಎಡಗಡೆಯ ಸಾಲಿನಿಂದ ಬಲಗಡೆಗೆ ದಾಟುತ್ತಿತ್ತು.

ಹರಳಹಳ್ಳಿಗೆ ಹನ್ನೆರಡು ಗಂಟೆ ಬದಲು ಒಂದೂವರೆಗೆ ತಲುಪಿದೆವು. ನೆಲದಿಂದ ಆಳೆತ್ತರಕ್ಕೆ ಪೇರಿಸಿಟ್ಟ ಪುಸ್ತಕಗಳ ನಡುವೆ ಬಳಗದವರು ನಡೆದರು, ಮುಟ್ಟಿದರು, ನಿಟ್ಟುಸಿರುಬಿಟ್ಟರು. ‘ಇಷ್ಟನ್ನೂ ಓದಿ ಮುಗಿಸೋಕಾಗುತ್ತಾ?’ ಎಂಬ, ಇಂಥ ಎಲ್ಲ ಜಾಗಗಳಲ್ಲೂ ಕೇಳಲೇಬೇಕಾದ ಪ್ರಶ್ನೆಯನ್ನು ಉಪಾಧ್ಯಕ್ಷರು ಗಾಳಿಗೆ ಕೇಳಿ ಕರ್ತವ್ಯ ಮುಗಿಸಿದರು. ಒಬ್ಬರು ತಾವು ಹೈಸ್ಕೂಲಿನಲ್ಲಿ ಓದಿದ್ದ ಕಾದಂಬರಿಯನ್ನು ಎತ್ತಿಕೊಂಡು ‘ಅಯ್ಯೋ, ಇದು!’ ಎಂದು ಅಲ್ಲೇ ನೆಲದ ಮೇಲೆ ಕೂತು ಓದತೊಡಗಿದ್ದು ಮಾತ್ರ ಅಶಿಸ್ತು. ಅವರಿಂದಾಗಿ ಬಸ್ಸು ಹತ್ತು ನಿಮಿಷ ತಡವಾಯಿತೆಂದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ಪುಸ್ತಕ ಮನೆಯಲ್ಲಿ ಒಟ್ಟು ಮೂವತ್ತೈದು ನಿಮಿಷ, ಅದರಲ್ಲಿ ಬ್ಯಾನರು ಹಿಡಿದು ಫೋಟೋ ತೆಗೆಸಿಕೊಂಡದ್ದು ಇಪ್ಪತ್ತು. ಬ್ಯಾನರಿನಲ್ಲಿದ್ದ ಕಾಗುಣಿತದ ತಪ್ಪು ಫೋಟೋದಲ್ಲಿ ಬಹಳ ಸ್ಪಷ್ಟವಾಗಿ ಬಂದಿದೆ. ಮೇಲುಕೋಟೆಯಲ್ಲಿ ಪುಳಿಯೋಗರೆಗೆ ಎರಡು ಗಂಟೆ ಸಂದವು. ಅಲ್ಲಿ ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆಂದು ಯಾರೋ ನೆನಪಿಸಿದರು. ಊಟವಾದ ಮೇಲೆ ಮೆಟ್ಟಿಲು ಹತ್ತುವುದೇ ಕಷ್ಟ, ಇನ್ನು ಕಾವ್ಯ ಎಲ್ಲಿಂದ ಎಂದು ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಂಡರು.

ಆಮೇಲಿನ ಪ್ರವಾಸಗಳು ಇದೇ ಮಾದರಿಯವು. ಧಾರವಾಡಕ್ಕೆ ಹೋದವರು ಸಾಧನಕೇರಿಯ ಬೇಂದ್ರೆ ಭವನದ ಮುಂದೆ ನಿಂತು ಪೇಡದ ಅಂಗಡಿಗೆ ದಾರಿ ಕೇಳಿದರು. ಕುಪ್ಪಳಿಯ ಕವಿಶೈಲದಲ್ಲಿ ಮೌನವಾಗಿರಿ ಎಂದು ವಿನಂತಿಸಿದ ಮೇಲೆ ಅಂತ್ಯಾಕ್ಷರಿಯನ್ನು ತಗ್ಗಿದ ದನಿಯಲ್ಲಿ ಮುಂದುವರಿಸಿದರು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋದದ್ದು ಭಾನುವಾರ. ಸರ್ಕಾರಿ ಸಂಸ್ಥೆ ಭಾನುವಾರ ತೆರೆದಿರುವುದಿಲ್ಲ ಎಂಬುದು, ಇಡೀ ಆಯುಷ್ಯವನ್ನು ಸರ್ಕಾರಿ ಕಚೇರಿಗಳಲ್ಲೇ ಕಳೆದು ನಿವೃತ್ತರಾದ ಮೂವತ್ತು ಜನಕ್ಕೆ ಹೊಳೆಯಲಿಲ್ಲ. 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದ್ದು ಇಲ್ಲೇ ಎಂದು ಬೀಗದ ಮುಂದೆ ನಿಂತು ನಿವೃತ್ತ ಮೇಷ್ಟರೊಬ್ಬರು ವಿವರಿಸಿದರು. ಬೊಕ್ಕಸದ ಹಣ ಅಧಿಕಾರಿಗಳ ಕೈಯಲ್ಲಿ ಕರಗುವ 40 ಬಗೆಗಳನ್ನು ಆ ಗ್ರಂಥ ಪಟ್ಟಿ ಮಾಡಿದೆ ಎಂದೂ ಹೇಳಿದರು. ಖಜಾಂಚಿಗಳಿಗೆ ತಕ್ಷಣ ಫೋನ್ ಬಂತು, ದೂರ ಹೋದರು.

ಪ್ರವಾಸವಿಲ್ಲದ ತಿಂಗಳಲ್ಲಿ ಕಾರ್ಯಕ್ರಮ. ನಿಜವಾದ ಅನಾಹುತ ಆಗುವುದು ಆಗಲೇ. ಪ್ರವಾಸಕ್ಕೆ ಹೋದಾಗ ಬಳಗ ಕನಿಷ್ಠ ಗ್ರಂಥಾಲಯದಿಂದ ದೂರವಿರುತ್ತದೆ.

ನಮ್ಮ ಶಾಖೆಯ ಓದುಗರು ಎರಡು ತರಹ. ಒಂದು, ಮನೆಯಲ್ಲಿ ಪತ್ರಿಕೆ ನಿಲ್ಲಿಸಿ ಇಲ್ಲಿ ಓದುವ ಹಿರಿಯರು. ಇವರು ಹನ್ನೊಂದಕ್ಕೆ ಎದ್ದುಹೋಗುತ್ತಾರೆ. ಇನ್ನೊಂದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಎಫ್‌ಡಿಎ, ಪಿಎಸ್‌ಐ, ಕೆಎಎಸ್. ರಾಯಚೂರು, ಕಲಬುರಗಿ, ಹಾವೇರಿ ಕಡೆಯಿಂದ ಬಂದು, ಆರು ಜನ ಒಂದು ರೂಮಿನಲ್ಲಿದ್ದುಕೊಂಡು, ಅಲ್ಲಿ ಕಾಲು ಚಾಚಲು ಜಾಗವಿಲ್ಲದೆ ಇಲ್ಲಿಗೆ ಬರುತ್ತಾರೆ. ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುತ್ತಾರೆ. ವಿಜಯನಗರ, ಹಂಪಿನಗರದ ಕಡೆಯ ಗ್ರಂಥಾಲಯಗಳಲ್ಲಂತೂ ಕುರ್ಚಿಗಾಗಿ ಕಾಯುವುದೇ ಪರೀಕ್ಷೆಯ ಮೊದಲ ಸುತ್ತು. ಬ್ಯಾಗಿನಲ್ಲಿ ನೀರಿನ ಬಾಟಲಿ, ಡಬ್ಬಿ, ತಮ್ಮದೇ ಗೈಡು. ಕುರ್ಚಿ ಸಿಗದವರು ಕಪಾಟಿಗೆ ಒರಗಿ ನಿಂತೇ ಓದುತ್ತಾರೆ.

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಕಳೆದ ಸಪ್ತಾಹದ ಮೊದಲ ದಿನ ಬಾಗಿಲಿಗೆ ಬಂದ ಈ ಮಕ್ಕಳಿಗೆ ಕಂಡದ್ದು ಒಂದು ಹಾಳೆ: ‘ಗ್ರಂಥಾಲಯ ಸಪ್ತಾಹದ ನಿಮಿತ್ತ ಇಂದು ವಾಚನಾಲಯ ಇರುವುದಿಲ್ಲ.’ ಒಳಗೆ ಮೇಜುಗಳನ್ನು ಗೋಡೆಗೆ ಒತ್ತಿ, ಕುರ್ಚಿಗಳನ್ನು ಸಾಲು ಹಾಕಿ, ಪರದೆ ಕಟ್ಟಿ, ಮೈಕು ಜೋಡಿಸಲಾಗಿತ್ತು. ದೀಪ ಬೆಳಗಿಸಬೇಕಾದ್ದರಿಂದ ಫ್ಯಾನುಗಳನ್ನೂ ಆರಿಸಿದ್ದರು. ಉಪನ್ಯಾಸದ ವಿಷಯ, ‘ಯುವಜನರಲ್ಲಿ ಕುಸಿಯುತ್ತಿರುವ ಓದಿನ ಅಭಿರುಚಿ’.

ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಪರಿಚಯ ಮಾಡಿದವರ ಪರಿಚಯ. ಅಂತೂ ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದರು. ಇಂದಿನ ಯುವಕರು ಮೊಬೈಲಿನಲ್ಲಿ ಮುಳುಗಿದ್ದಾರೆ, ಗ್ರಂಥಾಲಯದ ಕಡೆ ಮುಖ ಹಾಕುವುದಿಲ್ಲ ಎಂದು ಅವರು ಕಣ್ಣಿನಲ್ಲಿ ನೀರು ತಂದುಕೊಂಡು ಹೇಳುತ್ತಿದ್ದಾಗ, ಗ್ರಂಥಾಲಯದ ಕಡೆಗೇ ಮುಖ ಮಾಡಿ ಹೊಂಗೆಮರದ ಕೆಳಗೆ ಇಪ್ಪತ್ತು ಮೂವತ್ತು ಯುವಕರು ನೆಲದ ಮೇಲೆ ಕೂತು ಓದುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಹಿರಿಯರು ಮೊಬೈಲಿನಲ್ಲಿ ಭಾಷಣದ ವಿಡಿಯೊ ಮಾಡಿ ಗುಂಪಿಗೆ ಹಾಕುತ್ತಿದ್ದರು. ಕಿಟಕಿಯ ಹತ್ತಿರದ ಹುಡುಗನೊಬ್ಬ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಸಂವಿಧಾನದ 73ನೇ ತಿದ್ದುಪಡಿಯನ್ನು ಬಾಯಿಪಾಠ ಮಾಡುತ್ತಿದ್ದ. ಸದ್ದು ಜಾಸ್ತಿಯಾಯಿತೆಂದು ಅವನನ್ನೇ ಗದರಿದರು.

ವೇದಿಕೆಯ ಮೇಲೆ ರಂಗನಾಥನ್ ಭಾವಚಿತ್ರವಿತ್ತು. ಗಣಿತದ ಮೇಷ್ಟರಾಗಿದ್ದ ಈ ಮನುಷ್ಯ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪುಸ್ತಕವಾಗಿ ಕೊಟ್ಟರು, 1972ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲೇ. ಓದುಗನ ಸಮಯ ಉಳಿಸಬೇಕೆಂಬುದು ಅವರ ನಾಲ್ಕನೆಯ ಸೂತ್ರ. ಅದನ್ನು ವಿವರಿಸಲು ಉಪಾಧ್ಯಕ್ಷರೊಬ್ಬರು ಮುಕ್ಕಾಲು ಗಂಟೆ ತೆಗೆದುಕೊಂಡರು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬ ಐದನೆಯ ಸೂತ್ರಕ್ಕೆ ಬರುವ ಮೊದಲೇ ಬಿಸಿಬೇಳೆಬಾತಿನ ಪಾತ್ರೆ ಬಂದದ್ದರಿಂದ ಆ ಜೀವಿ ಬದುಕಿಕೊಂಡಿತು.

ಅತಿಥಿಗಳಿಗೆ ಪುಸ್ತಕ ಕೊಟ್ಟು ಗೌರವಿಸಿದರು. 2021ರಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶಿಸಿದಾಗ ಪುಸ್ತಕಪ್ರಿಯರೆಲ್ಲ ಸಂತೋಷಪಟ್ಟಿದ್ದೆವು. ಪರಿಣಾಮದ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಹಣ್ಣಿನ ಬುಟ್ಟಿ ಕೊಟ್ಟರೆ ಯಾರಾದರೂ ತಿನ್ನುತ್ತಿದ್ದರು, ಶಾಲು ಹೊದಿಸಿದರೆ ಚಳಿಗಾಲದಲ್ಲಿ ಮನೆಯ ಅಜ್ಜಿಗಾದರೂ ಆಗುತ್ತಿತ್ತು. ಬಣ್ಣದ ಕಾಗದ ಸುತ್ತಿದ ಪುಸ್ತಕಕ್ಕೆ ಅಂಥ ಗತಿಯಿಲ್ಲ. ಅದನ್ನು ಪಡೆದವರು ಮುಂದಿನ ವಾರ ಇನ್ನೊಂದು ಸಭೆಯಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ. ನಮ್ಮ ಬಳಗ ಯುಗಾದಿಯಲ್ಲಿ ಕೊಟ್ಟ ಒಂದು ಪುಸ್ತಕ ಮೂರು ಬಡಾವಣೆ ಸುತ್ತಿ, ಕಾಗದವನ್ನೂ ಬಿಚ್ಚಿಸಿಕೊಳ್ಳದೆ, ದೀಪಾವಳಿಯ ಹೊತ್ತಿಗೆ ನಮ್ಮ ಅಧ್ಯಕ್ಷರ ಕೈಗೇ ಸನ್ಮಾನವಾಗಿ ಬಂದು ಸೇರಿತು. ರಾಜ್ಯದಲ್ಲಿ ಇಷ್ಟು ವೇಗದ ಪುಸ್ತಕ ವಿತರಣೆ ಯಾವ ಗ್ರಂಥಾಲಯದಲ್ಲೂ ಇಲ್ಲ.

ಸಮಾರಂಭ ಮುಗಿದ ಮೇಲೆ ಲೈಬ್ರೇರಿಯನ್ ಮೇಡಂ ಅಧ್ಯಕ್ಷರ ಬಳಿ ಬಂದು, ಹತ್ತು ಕುರ್ಚಿ, ಎರಡು ಟ್ಯೂಬ್‌ಲೈಟು, ಶೌಚಾಲಯಕ್ಕೊಂದು ಬಾಗಿಲು ಬೇಕಾಗಿತ್ತು ಎಂದರು. ಅಧ್ಯಕ್ಷರಿಗೆ ನಿಜಕ್ಕೂ ಬೇಸರವಾಯಿತು. ಸಂಸ್ಕೃತಿಯ ಮಾತಾಡುವಾಗ ಶೌಚಾಲಯದ ಬಾಗಿಲು ತಂದರಲ್ಲ ಎಂದು.

ಈ ಬಾಗಿಲಿಗೆ ದುಡ್ಡು ಎಲ್ಲಿಂದ ಬರಬೇಕು ಎಂಬುದು ಗುಟ್ಟಿನ ಸಂಗತಿಯೇನಲ್ಲ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರಿಂದ ಒಂದು ಕಾಯ್ದೆ ಇದೆ. ಆ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಉಪಕರ ವಸೂಲಾಗುತ್ತದೆ, ತೆರಿಗೆಯ ಶೇ 6. ಇದೇ ರಸೀದಿಯಲ್ಲಿ ಭಿಕ್ಷುಕರ ಉಪಕರ ಶೇ 3. ಅಂದರೆ ಭಿಕ್ಷುಕನಿಗಿಂತ ಗ್ರಂಥಾಲಯ ಸರಿಯಾಗಿ ಎರಡರಷ್ಟು ಗೌರವಾನ್ವಿತ ಎಂದು ಕಾನೂನೇ ಒಪ್ಪಿಕೊಂಡಿದೆ. ಆದರೂ ತಟ್ಟೆ ಹಿಡಿದು ನಿಂತಿರುವುದು ಗ್ರಂಥಾಲಯವೇ. ವಸೂಲಿ ಮಾಡಿದ ಪಾಲಿಕೆ ಆ ಹಣವನ್ನು ಗ್ರಂಥಾಲಯ ಇಲಾಖೆಗೆ ಹೊತ್ತಿಗೆ ಸರಿಯಾಗಿ ಒಪ್ಪಿಸದೆ ಬಾಕಿ ನೂರಾರು ಕೋಟಿಗೆ ಏರಿದ್ದನ್ನು ಪತ್ರಿಕೆಗಳು ಎಷ್ಟೋ ವರ್ಷಗಳಿಂದ ಬರೆಯುತ್ತ ಬಂದಿವೆ. ಆ ಸುದ್ದಿಯನ್ನು ನಮ್ಮ ಹಿರಿಯರು ಓದುವುದು ಗ್ರಂಥಾಲಯದಲ್ಲೇ, ಫ್ಯಾನಿಲ್ಲದ ಕಡೆ ಕೂತು, ಪತ್ರಿಕೆಯಲ್ಲೇ ಗಾಳಿ ಬೀಸಿಕೊಳ್ಳುತ್ತ. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಸಾಲಗಾರ ಐದು ಜನರಾಗಿ ಬೇರೆ ಮನೆ ಮಾಡಿದರೆ ಹಳೇ ಸಾಲ ಯಾರನ್ನು ಕೇಳಬೇಕೆಂಬುದು ಲೇವಾದೇವಿಯವರಿಗೂ ಕಷ್ಟದ ಪ್ರಶ್ನೆ.

ನಮ್ಮ ಬಳಗದವರೆಲ್ಲ ಕಟ್ಟುನಿಟ್ಟಿನ ತೆರಿಗೆದಾರರು. ಶೇ 5ರ ರಿಯಾಯಿತಿ ತಪ್ಪಬಾರದೆಂದು ಏಪ್ರಿಲ್‌ನಲ್ಲೇ ಕಟ್ಟಿ, ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತಾರೆ. ಅಂದರೆ ಗ್ರಂಥಾಲಯಕ್ಕೆ ಅವರು ಪ್ರತಿ ವರ್ಷ ದುಡ್ಡು ಕೊಡುತ್ತಲೇ ಇದ್ದಾರೆ, ಅದು ಸೇರಿತೇ ಎಂದು ಮಾತ್ರ ಕೇಳಿಲ್ಲ. ಆನ್‌ಲೈನಿನಲ್ಲಿ ತರಿಸಿದ ನೂರು ರೂಪಾಯಿಯ ಮಜ್ಜಿಗೆ ಮೆಣಸಿನಕಾಯಿ ಎಲ್ಲಿಗೆ ಬಂತೆಂದು ಅರ್ಧಗಂಟೆಗೊಮ್ಮೆ ನೋಡುವವರು ಇವರೇ.

ವಾರ್ಷಿಕ ಸಭೆಯಲ್ಲಿ ಈ ಮಾತೆತ್ತಿದವರು ಒಬ್ಬ ನಿವೃತ್ತ ಹೆಡ್‌ಮಿಸ್. ಹರಳಹಳ್ಳಿಯಲ್ಲಿ ನೆಲದ ಮೇಲೆ ಕೂತು ಬಸ್ಸು ತಡಮಾಡಿದ್ದರಲ್ಲ, ಅವರೇ.

‘ಈ ಸಲದ ಪ್ರವಾಸ ಪಾಲಿಕೆ ಆಫೀಸಿಗೆ ಇಟ್ಕೊಳ್ಳೋಣ. ಮೂವತ್ತು ಜನ ಒಟ್ಟಿಗೆ ಹೋಗಿ ನಮ್ಮ ಲೈಬ್ರರಿ ಸೆಸ್ ಎಲ್ಲಿ ಅಂತ ಕೇಳೋಣ.’

ಸಭೆ ಒಂದು ಕ್ಷಣ ತಬ್ಬಿಬ್ಬಾಯಿತು.

‘ಅಲ್ಲಿ ನೋಡೋ ಅಂಥದ್ದು ಏನಿದೆ ಮೇಡಂ?’ ಎಂದರು ಪ್ರವಾಸ ಸಂಚಾಲಕರು.

‘ಮಿನಿಬಸ್ಸಿಗೆ ಪಾರ್ಕಿಂಗ್ ಸಿಗಲ್ಲ,’ ಎಂದರು ಇನ್ನೊಬ್ಬರು.

‘ಐದು ಪಾಲಿಕೇಲಿ ನಮ್ಮದು ಯಾವುದು, ಮೊದಲು ಅದು ಹೇಳಿ.’ ಇದರ ಮೇಲೆ ಇಪ್ಪತ್ತು ನಿಮಿಷ ಕಾವೇರಿದ ಚರ್ಚೆ ನಡೆದು, ಬಡಾವಣೆ ಪಶ್ಚಿಮಕ್ಕೆ ಸೇರಿದ್ದೋ ದಕ್ಷಿಣಕ್ಕೆ ಸೇರಿದ್ದೋ ಎಂಬುದು ಇತ್ಯರ್ಥವಾಗದೆ ಉಳಿಯಿತು.

ಉಪಾಹಾರ ಸಂಚಾಲಕರು ಕೊನೆಗೆ ಗಂಟಲು ಸರಿಮಾಡಿಕೊಂಡು, ‘ಅಲ್ಲಿ ಕ್ಯಾಂಟೀನ್ ಹೇಗಿದೆಯೋ’ ಎಂದರು. ಆ ಅನುಮಾನದ ಮುಂದೆ ಪ್ರಸ್ತಾವ ನಿಲ್ಲಲಿಲ್ಲ. ಸಂಘರ್ಷದ ಹಾದಿ ಸಾಹಿತ್ಯಾಸಕ್ತರಿಗೆ ಶೋಭಿಸದು ಎಂದು ಅಧ್ಯಕ್ಷರು ಹೇಳಿ, ವಿಷಯ ಪರಿಶೀಲನೆಗೆ ಒಂದು ಉಪಸಮಿತಿ ನೇಮಿಸಿ, ಉಪಸಮಿತಿಯ ಮೊದಲ ಸಭೆಯನ್ನು ನಂದಿಬೆಟ್ಟದಲ್ಲಿ ಇಟ್ಟುಕೊಳ್ಳುವಂತೆ ಸೂಚಿಸಿದರು.

ಹೆಡ್‌ಮಿಸ್ ನಂದಿಬೆಟ್ಟಕ್ಕೆ ಹೋಗಲಿಲ್ಲ. ಹೆಂಗಸರಿಗೆ ಬಿಎಂಟಿಸಿಯಲ್ಲಿ ಟಿಕೆಟ್ ಇಲ್ಲವಲ್ಲ, ಒಬ್ಬರೇ ಬಸ್ಸು ಹತ್ತಿ, ಎರಡು ಕಡೆ ‘ಇಲ್ಲಲ್ಲ ಅಮ್ಮ, ಅಲ್ಲಿ’ ಅನ್ನಿಸಿಕೊಂಡು, ಮೂರನೆಯ ಕಡೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟು ಬಂದರು. ವಿಷಯ ತಿಳಿದ ಕಾರ್ಯದರ್ಶಿಗಳು ಅದನ್ನು ವಾರ್ಷಿಕ ವರದಿಯಲ್ಲಿ ‘ಗ್ರಂಥಾಲಯ ಉಪಕರಕ್ಕಾಗಿ ಬಳಗದ ಹೋರಾಟ’ ಎಂದು ದಪ್ಪಕ್ಷರದಲ್ಲಿ ಸೇರಿಸಿದರು. ಹತ್ತು ರೂಪಾಯಿಗೆ ವೋಚರ್ ಇಲ್ಲದ ಕಾರಣ ಖಜಾಂಚಿಗಳು ಅದನ್ನು ಮಂಜೂರು ಮಾಡಲಿಲ್ಲ.

ಈಗ ಮುಂದಿನ ಪ್ರವಾಸದ ತಯಾರಿ ನಡೆದಿದೆ. ಮೂಡುಬಿದಿರೆ, ಧವಲಾ ತಾಳೆಗರಿ ದರ್ಶನ, ಬರುವಾಗ ಮಂಗಳೂರಿನಲ್ಲಿ ಐಸ್‌ಕ್ರೀಮು. ಕೆಲವರು ಮೊಮ್ಮಕ್ಕಳ ಪರೀಕ್ಷೆಯೆಂದು ಹಿಂದೆ ಸರಿದದ್ದರಿಂದ ಬಸ್ಸು ತುಂಬಿಲ್ಲ. ತಲೆಯೆಣಿಕೆಯಲ್ಲಿ ಖೋತಾ ಆದರೆ ಬಾಡಿಗೆ ಮೈಮೇಲೆ ಬರುತ್ತದೆಂದು ಕಾರ್ಯದರ್ಶಿಗಳು ಕಂಡಕಂಡವರನ್ನು ಕರೆಯುತ್ತಿದ್ದಾರೆ. ಮೊನ್ನೆ ಗ್ರಂಥಾಲಯದೊಳಗೂ ಬಂದರು. ಕುರ್ಚಿಯಿಲ್ಲದ ಹುಡುಗರು ಕಪಾಟಿಗೆ ಒರಗಿ ನಿಂತಿದ್ದರು.

‘ಮೇಡಂ, ನೀವೂ ಬಂದುಬಿಡಿ. ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಬಿದ್ದಿವೆ.’

ಲೈಬ್ರೇರಿಯನ್ ಮೇಡಂ ರಿಜಿಸ್ಟರಿನಿಂದ ತಲೆ ಎತ್ತದೆ ಹೇಳಿದರು: ‘ಬಿಚ್ಚಿ ಇಲ್ಲಿಗೆ ಕಳಿಸ್ತೀರಾ ಸಾರ್?’